ಹನ್ನೊಂದೂವರೆಗೆ ಖಾಲಿಯಿದ್ದ ಫುಟ್‌ಪಾತ್

ನನ್ನ ನಿವೃತ್ತಿಗೆ ಐದು ವರ್ಷ ಬಾಕಿಯಿದ್ದಾಗಿನ ಮಾತು. ಆಗ ನಾನು ರಾಜ್ಯ ಸರ್ಕಾರದ ಒಂದು ಸಾರಿಗೆ ಯೋಜನಾ ಕಚೇರಿಯಲ್ಲಿ ಸಮನ್ವಯ ಅಧಿಕಾರಿಯಾಗಿದ್ದೆ. ಕಚೇರಿ ಮುಂಬಯಿಯ ದಾದರ್‌ನಲ್ಲಿ, ಮನೆ ಮುಲುಂಡ್‌ನಲ್ಲಿ. ಹುದ್ದೆಯ ಹೆಸರು ಕೇಳಲು ದೊಡ್ಡದು, ಕೆಲಸ ಮಾತ್ರ ಇಷ್ಟೇ: ರಾಜ್ಯದವರು ಬರೆದ ನಕ್ಷೆಯನ್ನು ಪಾಲಿಕೆಯವರಿಗೆ ಒಪ್ಪಿಸುವುದು, ಪಾಲಿಕೆಯವರು ಎತ್ತಿದ ಆಕ್ಷೇಪವನ್ನು ರಾಜ್ಯದವರಿಗೆ ಒಪ್ಪಿಸುವುದು, ಇಬ್ಬರಿಂದಲೂ ಬೈಸಿಕೊಳ್ಳುವುದು. ಬೈಗುಳ ಅಭ್ಯಾಸವಾದ ಮೇಲೆ ಅದೂ ಒಂದು ಸುಖದ ನೌಕರಿಯೇ.

ಈ ನಗರದಲ್ಲಿ ಒಂದು ರಸ್ತೆಗೆ ಒಬ್ಬನೇ ಯಜಮಾನ ಇರುವುದಿಲ್ಲ. ಮೇಲೆ ಹೋಗುವ ಮೆಟ್ರೊ ಮಾರ್ಗ ರಾಜ್ಯದ್ದು, ಕೆಳಗಿನ ಡಾಂಬರು ಪಾಲಿಕೆಯದು. ಕಂಬ ಒಬ್ಬರದು, ಕಂಬದ ಬುಡದ ಚರಂಡಿ ಇನ್ನೊಬ್ಬರದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ನಮ್ಮ ಜಗಳದಲ್ಲಿ ಬಡವಾಗುತ್ತಿದ್ದದ್ದು ಯಾವಾಗಲೂ ಫುಟ್‌ಪಾತು. ಕಂಬಕ್ಕೆ ಜಾಗ ಸಾಲದಿದ್ದರೆ ಅದರಿಂದ ಒಂದು ಮೀಟರ್ ಕಡಿಯುತ್ತಿದ್ದರು, ಚರಂಡಿಗೆ ಸಾಲದಿದ್ದರೆ ಅದರಿಂದಲೇ ಇನ್ನೊಂದು ಮೀಟರ್.

ಆ ವರ್ಷ ನನ್ನ ಮೇಜಿಗೆ ಬಂದದ್ದು ನನ್ನದೇ ಊರಿನ ಕಡತ. ಊರು ಎಂದರೆ ಮುಲುಂಡ್. ನಾನು ಹುಟ್ಟಿ ಬೆಳೆದದ್ದು ಅಲ್ಲಿಯ ವಠಾರದಂಥ ಒಂದು ಚಾಳ್‌ನಲ್ಲಿ. ಕಂಬಗಳ ಮೇಲೆ ಹೋಗುವ ಹೊಸ ಮೆಟ್ರೊ ಮಾರ್ಗದ ನಿಲ್ದಾಣವೊಂದು ಅಲ್ಲಿ ಬರಲಿತ್ತು. ಅಲ್ಲಿಂದ ಲೋಕಲ್ ರೈಲಿನ ಸ್ಟೇಷನ್ನಿನವರೆಗೆ ಜನರನ್ನು ಸಾಗಿಸಲು ಬಸ್ಸು, ರಿಕ್ಷಾಗಳಿಗೆ ಜಾಗ ಬೇಕಿತ್ತು. ಅದಕ್ಕಾಗಿ ಒಂದು ಬಸ್ ಬೇ, ಅಂದರೆ ಬಸ್ಸು ರಸ್ತೆಯ ಹರಿವಿಗೆ ಅಡ್ಡಬರದೆ ಪಕ್ಕಕ್ಕೆ ಸರಿದು ನಿಲ್ಲಲು ಫುಟ್‌ಪಾತನ್ನು ಕಡಿದು ಮಾಡುವ ತಂಗುದಾಣ. ಅದರ ಉದ್ದ ನಲವತ್ತು ಮೀಟರ್. ನಕ್ಷೆ ನಮ್ಮ ಕಚೇರಿಯದು, ಫುಟ್‌ಪಾತು ಪಾಲಿಕೆಯದು. ನಕ್ಷೆಯ ಮೇಲೆ ಬೆರಳಿಟ್ಟು ನೋಡಿದೆ. ಬೆರಳು ನಿಂತದ್ದು ನಾಕಾದ ಮೇಲೆ.

ನಾಕಾ ಎಂದರೆ ಕೂಲಿ ಕೆಲಸದವರು ಬೆಳಗ್ಗೆ ಬಂದು ನಿಲ್ಲುವ ಮೂಲೆ. ಏಳಕ್ಕೆ ಸೇರುತ್ತಾರೆ. ಗೌಂಡಿಗಳು, ಅಂದರೆ ಗಾರೆ ಕೆಲಸದವರು, ಮುಂದೆ ಕರಣಿ ಇಟ್ಟುಕೊಂಡು ನಿಲ್ಲುತ್ತಾರೆ, ಬಣ್ಣ ಹಚ್ಚುವವರು ಡಬ್ಬಿಯಲ್ಲಿ ಬ್ರಶ್ ಸಿಗಿಸಿಕೊಂಡು, ಹೆಂಗಸರು ಗಾರೆ ಹೊರುವ ತಗಡಿನ ಘಮೇಲಾ ಮಗುಚಿ ಅದರ ಮೇಲೆ ಕೂತು. ಕಂತ್ರಾಟುದಾರರು ಟೆಂಪೊ ತಂದು ನಾಲ್ಕು ಜನ, ಆರು ಜನ ಎಂದು ಕರೆದೊಯ್ಯುತ್ತಾರೆ. ಒಂಬತ್ತಕ್ಕೆ ಮೂಲೆ ಖಾಲಿ. ಆಮೇಲೆ ಅಲ್ಲಿ ಬಂದವರಿಗೆ ನಾಕಾ ಇತ್ತೆಂಬ ಗುರುತೂ ಸಿಗುವುದಿಲ್ಲ, ಗೋಡೆಯ ಮೇಲಿನ ಎಲೆಯಡಿಕೆಯ ಕಲೆ ಬಿಟ್ಟರೆ. ನಮ್ಮ ಆ ನಾಕಾದಲ್ಲಿ ನಿಲ್ಲುವವರು ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಯಾದಗಿರಿ ಕಡೆಯವರು. ಮುಲುಂಡ್‌ನಲ್ಲಿ ಬೆಳಗಿನ ಎರಡು ತಾಸು ಕನ್ನಡವೇ ನಡೆಯುವ ಜಾಗ ಅದೊಂದೇ.

ನಮ್ಮಪ್ಪ ಅಲ್ಲಿ ಹದಿನೇಳು ವರ್ಷ ನಿಂತಿದ್ದರು. ಹುನಗುಂದದ ಕಡೆಯ ಗೌಂಡಿ, ಹೆಸರು ಸಂಗಪ್ಪ. ನಾನು ಪಾಲಿಕೆಯ ಕನ್ನಡ ಶಾಲೆಗೆ ಹೋಗುವ ದಾರಿ ಅದೇ ನಾಕಾದ ಮುಂದಿನದು. ಶಾಲೆ ಸೇರಿಸಿದ ಮೊದಲ ದಿನವೇ ಅಪ್ಪ ಹೇಳಿದ್ದರು: “ನೀ ಆಚಿ ಕಡಿಯಿಂದ ಹೋಗವ್ವಾ. ಈಚಿ ಕಡಿ ಗಾಡಿ ಭಾಳ.”

ಗಾಡಿಯ ಮಾತು ನೆಪವೆಂದು ತಿಳಿಯಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಕೆಲಸಕ್ಕೆ ಯಾರೂ ಕರೆಯದೆ ನಿಂತ ಅಪ್ಪನನ್ನು ಮಗಳು ನೋಡಬಾರದು, ಅಷ್ಟೇ. ನಾನೂ ನೋಡಲಿಲ್ಲ. ತಲೆ ತಗ್ಗಿಸಿ ಎದುರಿನ ಫುಟ್‌ಪಾತಿನಲ್ಲಿ ಹೋದೆ, ಏಳು ವರ್ಷ. ಅಪ್ಪ ಮುಂದೆ ಮೇಸ್ತ್ರಿಯಾದರು, ನಾನು ಎಂಜಿನಿಯರಾದೆ, ಅಪ್ಪ ತೀರಿಕೊಂಡರು. ಆಮೇಲೂ ಬೆಳಗಿನ ಲೋಕಲ್ ಹಿಡಿಯಲು ನಾನು ಎದುರಿನ ಫುಟ್‌ಪಾತಿನಲ್ಲೇ ಹೋಗುತ್ತಿದ್ದೆ. ನಾಕಾದ ಕಡೆಯಿಂದ ಹೋದರೆ ಸ್ಟೇಷನ್ನು ಹತ್ತಿರ, ಎರಡು ನಿಮಿಷ ಉಳಿಯುತ್ತದೆ. ಆದರೂ ಕಾಲು ಆ ಕಡೆ ತಿರುಗುತ್ತಿರಲಿಲ್ಲ.

ಕಚೇರಿಯಲ್ಲಿ ಇದೊಂದೂ ಯಾರಿಗೂ ತಿಳಿದಿರಲಿಲ್ಲ. ಮುಂಬಯಿಯಲ್ಲಿ ಸ್ವಲ್ಪ ಓದಿದ, ಇಸ್ತ್ರಿ ಮಾಡಿದ ಸೀರೆಯುಟ್ಟ ಕನ್ನಡದವರೆಂದರೆ ಎಲ್ಲರಿಗೂ ಒಂದೇ ಅಂದಾಜು, ಉಡುಪಿ ಹೋಟೆಲ್. ಸೇರಿದ ಮೊದಲ ವಾರ ಯಾರೋ ಕೇಳಿದರು, “ನಿಮ್ಮ ತಂದೆಯವರದ್ದೂ ಹೋಟೆಲ್ಲಾ?” ನಾನು ನಕ್ಕೆ. ನಕ್ಕದ್ದನ್ನು ಅವರು ಹೌದೆಂದು ತಿಳಿದರು, ನಾನು ತಿದ್ದಲಿಲ್ಲ. ಅಂದಿನಿಂದ ಕಚೇರಿಯ ಯಾವ ಸಮಾರಂಭವಿದ್ದರೂ ಇಡ್ಲಿ ವಡೆ ತರಿಸುವ ಹೊಣೆ ನನ್ನದಾಯಿತು. ದಾದರ್ ಸ್ಟೇಷನ್ ಹತ್ತಿರದ ಒಂದು ಹೋಟೆಲ್ಲಿನ ಮಾಲೀಕ ಪೂಜಾರಿಯವರು ಕನ್ನಡದವರೆಂಬ ಪ್ರೀತಿಗೆ ಎರಡು ಚಟ್ನಿ ಹೆಚ್ಚು ಕಟ್ಟಿಸಿ ಕಳಿಸುತ್ತಿದ್ದರು. ಇಪ್ಪತ್ತಾರು ವರ್ಷ ನಾನು ಇಲ್ಲದ ಹೋಟೆಲ್ಲಿನ ಮಗಳಾಗಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆಗ ಮಾತ್ರ ಹಾಯಾಗಿತ್ತು.

ಯೋಜನೆಗೆ ಮೊದಲು ಜಂಟಿ ಪರಿಶೀಲನೆ ಆಗಬೇಕು. ಎಂದರೆ ರಾಜ್ಯದವರೂ ಪಾಲಿಕೆಯವರೂ ಒಟ್ಟಿಗೆ ಸ್ಥಳಕ್ಕೆ ಹೋಗಿ ನೋಡಿ ಒಂದೇ ಹಾಳೆಯ ಮೇಲೆ ಸಹಿ ಮಾಡುವುದು. ಸಮಯ ಯಾವಾಗಲೂ ಹನ್ನೊಂದೂವರೆ. ಪಾಲಿಕೆಯ ಕಾರ್ಯಪಾಲಕ ಎಂಜಿನಿಯರ್ ಸಾವಂತ್ ಅವರು ವಾರ್ಡ್ ಕಚೇರಿಯಲ್ಲಿ ಜನರ ದೂರು ಕೇಳಿ ಮುಗಿಸುವುದು ಹನ್ನೊಂದಕ್ಕೆ. ನಮ್ಮವರು ಹಾಜರಿ ಹಾಕಿ ದಾದರ್‌ನಿಂದ ಲೋಕಲ್ ಹಿಡಿದು ಬರುವುದೂ ಅಷ್ಟು ಹೊತ್ತಿಗೇ. ಪಾದಚಾರಿಗಳ ಗಣತಿ ಮಾಡಿದವರೂ ಬೆಳಗ್ಗೆ ಹತ್ತರಿಂದ ಹನ್ನೆರಡು, ಸಂಜೆ ಐದರಿಂದ ಏಳು ಎಂದು ಎಣಿಸಿ ಹೋಗಿದ್ದರು. ಹೀಗಾಗಿ ನಾಕಾ ಯಾವ ಕಾಗದದಲ್ಲೂ ಇರಲಿಲ್ಲ.

ಪರಿಶೀಲನೆಯ ದಿನ ಫುಟ್‌ಪಾತಿನ ಮೇಲೆ ಒಂದು ನಾಯಿ ಮಾತ್ರ ಮಲಗಿತ್ತು. ಸಾವಂತ್ ಅಳತೆಯ ಟೇಪು ಹಿಡಿದರು, ನಾನು ಹಾಳೆ ಹಿಡಿದಿದ್ದೆ. ಅದರಲ್ಲಿ ‘ಈಗಿನ ಬಳಕೆದಾರರು’ ಎಂಬ ಒಂದು ಕಲಂ ಇರುತ್ತದೆ. ಅಂಗಡಿ, ಗಾಡಿ, ಹಾಲಿನ ಬೂತು ಏನಿದ್ದರೂ ಅಲ್ಲಿ ಬರೆಯಬೇಕು. ಬರೆದರೆ ಅವರಿಗೆ ಬದಲಿ ಜಾಗ ತೋರಿಸದೆ ಕೆಲಸ ಮುಂದೆ ಹೋಗುವಂತಿಲ್ಲ. ಪೆನ್ನು ಆ ಕಲಮಿನ ಮೇಲೆ ನಿಂತಿತು. ‘ಬೆಳಗ್ಗೆ ಏಳರಿಂದ ಒಂಬತ್ತು, ನಾಕಾ’ ಎಂದು ಬರೆಯಲು ಎಷ್ಟು ಹೊತ್ತು ಬೇಕು? ಆದರೆ ಬರೆದಿದ್ದರೆ ಸಾವಂತ್ ಕೇಳುತ್ತಿದ್ದರು, ನಿಮಗೆ ಹೇಗೆ ಗೊತ್ತು ಎಂದು. ಹೇಗೆ ಗೊತ್ತು ಎಂಬುದಕ್ಕೆ ನನ್ನಲ್ಲಿ ಸುಳ್ಳು ಸಿದ್ಧವಿರಲಿಲ್ಲ. ‘ನಿಲ್’, ಅಂದರೆ ಯಾರೂ ಇಲ್ಲ, ಎಂದು ಬರೆದು ಸಹಿ ಮಾಡಿದೆ.

ಎರಡು ತಿಂಗಳಲ್ಲಿ ಕೆಲಸ ಶುರುವಾಯಿತು. ನಾಕಾದ ಮೂಲೆಯ ಸುತ್ತ ಪತ್ರಾ, ಅಂದರೆ ತಗಡಿನ ಗೋಡೆ, ಎದ್ದಿತು. ಮರುವಾರ ಬೆಳಗ್ಗೆ ನಾನು ಎಂದಿನಂತೆ ಎದುರಿನ ಫುಟ್‌ಪಾತಿನಲ್ಲಿ, ಹುಬ್ಬಳ್ಳಿಯಲ್ಲಿರುವ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತ ಹೋಗುತ್ತಿದ್ದೆ. ನನ್ನ ಕಡೆಯ ಫುಟ್‌ಪಾತಿನ ತುಂಬ ಜನ ನಿಂತಿದ್ದರು. ಕರಣಿ, ಬ್ರಶ್, ಘಮೇಲಾ. ಹೆಚ್ಚುಕಡಿಮೆ ಐವತ್ತು ವರ್ಷ ನಾನು ದೂರವಿಟ್ಟ ನಾಕಾ ರಸ್ತೆ ದಾಟಿ ನನ್ನ ದಾರಿಗೇ ಬಂದಿತ್ತು.

ನನ್ನ ಮಾತು ಕೇಳಿಸಿಕೊಂಡ ಒಬ್ಬ ಹೆಂಗಸು ಅಡ್ಡ ಬಂದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು, ತಲೆಯ ಮೇಲೆ ಸಿಂಬೆ ಹಾಗೇ ಇತ್ತು. ಹೆಸರು ಭೀಮವ್ವ ಎಂದು ಆಮೇಲೆ ತಿಳಿಯಿತು.

“ಅಕ್ಕಾರ, ಕನ್ನಡದವ್ರೇನ್ರಿ? ಆ ಬೋರ್ಡಿನ್ಯಾಗ ಏನ್ ಬರದಾರ ಒಂಚೂರು ಹೇಳ್ರಿ.”

ಪತ್ರಾದ ಮೇಲೆ ಮರಾಠಿ, ಇಂಗ್ಲಿಷಿನ ಬೋರ್ಡಿತ್ತು. ಕಾಮಗಾರಿಯ ಹೆಸರು, ಅದರ ಕೆಳಗೆ ಎರಡೂ ಕಚೇರಿಗಳ ಹೆಸರು. ಓದಿ ಹೇಳಿದೆ.

“ಅಷ್ಟ ಏನ್ರಿ? ನಾವು ಎಲ್ಲಿ ನಿಂದ್ರಬೇಕಂತ ಬರದಿಲ್ಲೇನು?”

ಇಲ್ಲ ಎಂದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದಳು. ಟೆಂಪೊದವರು ಹಳೆಯ ಮೂಲೆಗೆ ಬರುತ್ತಾರೆ, ಪತ್ರಾ ನೋಡುತ್ತಾರೆ, ಬೇರೆ ನಾಕಾಕ್ಕೆ ಹೋಗುತ್ತಾರೆ. ಈ ಕಡೆ ನಿಂತರೆ ಅಂಗಡಿಯವರು ಎಬ್ಬಿಸುತ್ತಾರೆ, ಪೊಲೀಸರು ಚದುರಿಸುತ್ತಾರೆ.

“ನಮ್ಮಲ್ಲೆ ಒಂದು ರೂಢಿ ಐತ್ರಿ,” ಎಂದಳು. “ನಿನ್ನಿ ಕೆಲಸ ಸಿಕ್ಕವ್ರು ಹಿಂದ, ಸಿಗದವ್ರು ಮುಂದ. ಗಾಡಿ ಬಂದ್ರ ಮುಂದಿನವ್ರಿಗೆ ಮೊದಲ ಕೆಲಸ. ಈಗ ನೋಡ್ರಿ, ಹಿಂದ ನಿಂದ್ರೋರ ಇಲ್ಲ. ಎಲ್ಲಾರೂ ಮುಂದ ನಿಂತೀವಿ.”

“ಚಲೋ ರೂಢಿ. ಯಾರ್ ಮಾಡಿದ್ರು?” ಎಂದೆ, ಏನಾದರೂ ಕೇಳಬೇಕಲ್ಲ ಎಂದು.

“ನಾ ಲಗ್ನಾಗಿ ಬಂದಾಗ ಸಂಗಪ್ಪ ಅಂತ ಒಬ್ಬ ಗೌಂಡಿ ಇದ್ರರಿ, ಹುನಗುಂದದ ಕಡಿಯವ್ರು. ಅವ್ರ ಮಾಡಿದ್ದು. ದಿನಾ ಜಗಳ ಆಗತಿದ್ವಂತ, ಅವ್ರ ನಿಂತು ಬಗಿಹರಿಸಿದ್ರಂತ.”

ಲೋಕಲ್ ತಪ್ಪೀತೆಂದು ಏನೋ ಗೊಣಗಿ ಹೊರಟೆ. ಮನೆಯಲ್ಲಿ ಅಪ್ಪ ನಾಕಾದ ಮಾತೇ ಎತ್ತುತ್ತಿರಲಿಲ್ಲ. ಅಪ್ಪನ ಬಗ್ಗೆ ನನಗೆ ಗೊತ್ತಿರದ ಒಂದು ಸಂಗತಿಯನ್ನು ಅಪ್ಪನ ಭಾಷೆಯಲ್ಲೇ ಯಾರೋ ಹೇಳಿದ್ದರು. ದಾದರ್ ತಲುಪುವವರೆಗೆ ಬಾಗಿಲಿನ ಕಂಬ ಹಿಡಿದು ನಿಂತೇ ಹೋದೆ. ಅಪ್ಪನ ದನಿ ಒಂದು ಸಲ ಕೇಳಬೇಕೆನಿಸಿತು. ಅದಕ್ಕೂ ಹೆಚ್ಚಾಗಿ, ಶಾಲೆಯ ಚೀಲ ಹೊತ್ತಿದ್ದಾಗ ಒಂದೇ ಒಂದು ದಿನ ರಸ್ತೆ ದಾಟಿ ಅವರ ಪಕ್ಕದಲ್ಲಿ ನಿಲ್ಲಬೇಕಿತ್ತು ಎನಿಸಿತು.

ತಿಂಗಳ ಸಮನ್ವಯ ಸಭೆ ನಾಲ್ಕು ದಿನ ದೂರವಿತ್ತು. ಸಹಿಯಾದ ಜಂಟಿ ಪರಿಶೀಲನೆಯನ್ನು ಮತ್ತೆ ತೆರೆಯುವುದೆಂದರೆ ಉಗುಳಿದ್ದನ್ನು ನುಂಗಿದ ಹಾಗೆ. ನಕ್ಷೆ ತಿದ್ದಬೇಕು, ಎರಡೂ ಕಡೆ ಒಪ್ಪಿಗೆ ಬೇಕು, ಯಾರು ಮೊದಲು ತಪ್ಪೊಪ್ಪಬೇಕು ಎಂಬುದೇ ಬಗೆಹರಿಯುವುದಿಲ್ಲ. ಸಭೆಯಲ್ಲಿ ನಾನು ವಿಷಯ ಎತ್ತಿದಾಗ ನಮ್ಮ ಮುಖ್ಯ ಯೋಜಕರಾದ ಕುಲಕರ್ಣಿ ಸಾಹೇಬರು, ಅದು ಪಾಲಿಕೆಯ ಫುಟ್‌ಪಾತು, ಅವರೇ ನೋಡಿಕೊಳ್ಳಬೇಕಿತ್ತು ಎಂದರು. ಸಾವಂತ್ ಕಡತ ಬಿಚ್ಚಿ, ಹಾಳೆ ನನ್ನ ಕಡೆ ತಿರುಗಿಸಿ ಕಲಮಿನ ಮೇಲೆ ಬೆರಳಿಟ್ಟರು.

“ಸಹಿ ತುಮಚೀಚ್ ಆಹೆ, ಮ್ಯಾಡಮ್.”

ಸಹಿ ನಿಮ್ಮದೇ. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಮೇಜಿನ ಸುತ್ತ ಹನ್ನೊಂದು ಜನ ಇದ್ದರು. ನಾನೇ ಹೇಳಿಕಳಿಸಿದ್ದ ಇಡ್ಲಿ ವಡೆಯ ತಟ್ಟೆಗಳು ಎಲ್ಲರ ಮುಂದಿದ್ದವು.

“ಹೌದು, ನನ್ನದೇ,” ಎಂದೆ ಮರಾಠಿಯಲ್ಲಿ. “ಹನ್ನೊಂದೂವರೆಗೆ ಅಲ್ಲಿ ಯಾರೂ ಇರುವುದಿಲ್ಲವೆಂದು, ಏಳಕ್ಕೆ ಇರುತ್ತಾರೆಂದು ನನಗೆ ಆಗಲೇ ಗೊತ್ತಿತ್ತು. ನಮ್ಮಪ್ಪ ಹದಿನೇಳು ವರ್ಷ ಆ ನಾಕಾದಲ್ಲಿ ಕೂಲಿಗೆ ನಿಂತಿದ್ದರು. ಅದನ್ನು ಹೇಳಲು ನಾಚಿಕೊಂಡು ನಿಲ್ ಎಂದು ಬರೆದೆ.”

ಕುಲಕರ್ಣಿ ಸಾಹೇಬರು ಕೈಯಲ್ಲಿದ್ದ ವಡೆಯನ್ನೇ ನೋಡುತ್ತ, “ಹಾಗಾದರೆ ನಿಮ್ಮದು ಹೋಟೆಲ್ ಅಲ್ಲವೇ?” ಎಂದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಸಾವಂತ್ ಕಡತ ಮುಚ್ಚಿದರು. “ನಾಳೆ ಬೆಳಗ್ಗೆ ಏಳಕ್ಕೆ ಬರುತ್ತೇನೆ,” ಎಂದರು.

ಮರುದಿನ ಏಳಕ್ಕೆ ಅವರು ಬಂದಿದ್ದರು. ಕುಲಕರ್ಣಿ ಸಾಹೇಬರು ಆಕಳಿಸುತ್ತ ಏಳೂ ಹತ್ತಕ್ಕೆ ಬಂದರು. ಬಿಳಿ ಅಂಗಿ ತೊಟ್ಟು ರಸ್ತೆಯಂಚಿನಲ್ಲಿ ನಿಂತವರನ್ನು ನೋಡಿ ಭೀಮವ್ವ ಓಡಿಬಂದು, “ಕಿತನಾ ಆದ್ಮಿ ಚಾಹಿಯೇ, ಸಾಬ್?” ಎಂದಳು. ಹಿಂದೆಯೇ ಮೂವತ್ತು ಜನ ಅವರನ್ನು ಸುತ್ತುವರಿದರು. ಎಷ್ಟು ಆಳು ಬೇಕು ಎಂಬ ಪ್ರಶ್ನೆ ಕೇಳಿ, ಮೂವತ್ತು ವರ್ಷ ಊರಿನ ರಸ್ತೆಗಳನ್ನು ಯೋಜಿಸಿದ ಕುಲಕರ್ಣಿ ಸಾಹೇಬರು ನನ್ನ ಮುಖ ನೋಡಿದರು. ನಾನು ಮೊದಲ ಬಾರಿಗೆ ಅವರೆದುರು ನನ್ನ ಮನೆಯ ಕನ್ನಡದಲ್ಲಿ ಮಾತಾಡಿದೆ. “ಭೀಮವ್ವಾ, ಇವ್ರು ಕೆಲಸಕ್ಕ ಕರಿಯಾಕ ಬಂದಿಲ್ಲ. ನೀವು ಎಲ್ಲಿ ನಿಂದ್ರಬೇಕಂತ ಬರಿಯಾಕ ಬಂದಾರ.”

ಎಣಿಸಿದೆವು. ಒಂಬತ್ತರವರೆಗೆ ನೂರ ಅರವತ್ತೆರಡು ಜನ. ಪತ್ರಾ ಏಳುವ ಮುಂಚೆ ಇನ್ನೂ ಹೆಚ್ಚಿದ್ದರು ಎಂದು ಅವರು ಹೇಳಿದರು.

ಆಮೇಲಿನದು ಕಡತದ ಕೆಲಸ. ಐದು ಸಭೆ, ಹನ್ನೊಂದು ತಿಂಗಳು. ಬಸ್ ಬೇ ಹದಿನೆಂಟು ಮೀಟರ್ ಸ್ಟೇಷನ್ ಕಡೆ ಸರಿಯಿತು. ರಿಕ್ಷಾಗಳ ಎರಡು ಸಾಲು ಒಂದಾಯಿತು. ರಿಕ್ಷಾದವರು ನನ್ನನ್ನು ಈಗಲೂ ಕ್ಷಮಿಸಿಲ್ಲ. ನಾಕಾಕ್ಕೆ ಮೂರೂವರೆ ಮೀಟರ್ ಅಗಲದ ಫುಟ್‌ಪಾತು, ಒಂದು ನಲ್ಲಿ, ಟೆಂಪೊ ನಿಲ್ಲಲು ಒಂದಿಷ್ಟು ಜಾಗ ಉಳಿಯಿತು. ಯಾರ ವಿಷಯ ಮೊದಲು ಎಂದು ಸಭೆಯಲ್ಲಿ ಜಗಳ ಬಂದಾಗ ನಾನು ನಾಕಾದ ರೂಢಿಯನ್ನೇ ತಂದೆ: ಕಳೆದ ಸಭೆಯಲ್ಲಿ ಯಾರ ಕೆಲಸ ಆಗಲಿಲ್ಲವೋ ಅವರದ್ದು ಮೊದಲು. ಇದನ್ನು ಮಾಡಿದವರು ಯಾರೆಂದು ಸಾವಂತ್ ಕೇಳಿದರು. ಈ ಸಲ ತಡವರಿಸದೆ ಅಪ್ಪನ ಹೆಸರು ಹೇಳಿದೆ.

ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆ ಹನ್ನೊಂದು ತಿಂಗಳಲ್ಲಿ ಎಷ್ಟೋ ಜನ ಬೇರೆ ನಾಕಾಗಳಿಗೆ ಹೋದರು, ಮರಳಿ ಬರಲಿಲ್ಲ. ಅಪ್ಪ ಒರಗಿ ನಿಲ್ಲುತ್ತಿದ್ದ ಹಳೆಯ ಗೋಡೆ ಮೊದಲ ವಾರವೇ ಬಿದ್ದಿತ್ತು. ನಾನು ಮೊದಲ ದಿನ ನಾಲ್ಕು ಪದ ಬರೆದಿದ್ದರೆ ಎರಡೂ ಉಳಿಯುತ್ತಿದ್ದವು, ಆ ಜನವೂ ಆ ಗೋಡೆಯೂ. ನೌಕರಿ ನನಗೆ ಕಲಿಸಿದ್ದು ಇದು: ಒಂದು ಜಾಗ ಯಾರದೆಂದು ತಿಳಿಯಬೇಕಾದರೆ ನಮಗೆ ಅನುಕೂಲವಾದ ಹೊತ್ತಿಗಲ್ಲ, ಅವರಿಗೆ ಅದು ಬೇಕಾದ ಹೊತ್ತಿಗೆ ಹೋಗಬೇಕು. ಎರಡು ಸರ್ಕಾರಗಳನ್ನು ಒಂದೆಡೆ ಕೂರಿಸುವುದು ಕಷ್ಟವಲ್ಲ. ನಮ್ಮೊಳಗೆ ನಾವೇ ಅಡಗಿಸಿಟ್ಟದ್ದನ್ನು ಆ ಮೇಜಿನ ಮೇಲೆ ಇಡುವುದು ಕಷ್ಟ. ನಾನು ಬಿಡುವ ಮೊದಲು ನಮ್ಮ ಪರಿಶೀಲನೆಯ ಹಾಳೆಗೆ ಒಂದು ಕಲಂ ಸೇರಿಸಿ ಬಂದೆ: ‘ನೋಡಿದ ಸಮಯ’. ಒಂದಲ್ಲ, ಎರಡು ಹೊತ್ತು ಬರೆಯಬೇಕು.

ನಿವೃತ್ತಿಯಾದ ಮರುದಿನ ಅಭ್ಯಾಸಬಲದಿಂದ ಏಳಕ್ಕೇ ಮನೆ ಬಿಟ್ಟೆ. ಹೋಗಲು ಕಚೇರಿ ಇರಲಿಲ್ಲ. ಈ ಬಾರಿ ನಾಕಾದ ಕಡೆಯಿಂದಲೇ ಹೋದೆ. ಭೀಮವ್ವ ಘಮೇಲಾದ ಮೇಲೆ ಕೂತಿದ್ದಳು. ನಾನು ಸಂಗಪ್ಪನ ಮಗಳೆಂದು ಅಷ್ಟರಲ್ಲಿ ಅವಳಿಗೆ ಗೊತ್ತಿತ್ತು. ಎಲ್ಲರ ಹಿಂದೆ, ನಲ್ಲಿಯ ಪಕ್ಕ ಹೋಗಿ ನಿಂತೆ.

“ಇದೇನ್ರಿ ಅಕ್ಕಾರ, ಆಫೀಸ್ ಇಲ್ಲೇನು?”

“ಮುಗೀತವ್ವಾ. ಇನ್ನ ಕೆಲಸ ಇಲ್ಲ.”

“ಹಂಗಾದ್ರ ಹಿಂದ್ಯಾಕ ನಿಂತೀರಿ? ಮುಂದ ಬರ್ರಿ.”

ನಕ್ಕು ಜಾಗ ಬಿಟ್ಟರು. ಮುಂದಿನ ಸಾಲಿಗೆ ಹೋಗಿ ನಿಂತೆ. ಎದುರಿನ ಫುಟ್‌ಪಾತನ್ನು ಈ ಸಾಲಿನಲ್ಲಿ ನಿಂತು ನಾನು ಎಂದೂ ನೋಡಿರಲಿಲ್ಲ. ಮುಂದಿನ ಸಾಲಿನಿಂದ ಅದು ಪೂರ್ತಿ ಕಾಣುತ್ತದೆ, ನಮ್ಮ ಚಾಳ್‌ನ ಬಾಗಿಲಿನಿಂದ ಶಾಲೆಯ ತಿರುವಿನವರೆಗೆ, ಒಂದು ಹೆಜ್ಜೆಯೂ ಮರೆಯಾಗದ ಹಾಗೆ. ಈ ಕಡೆಯ ಫುಟ್‌ಪಾತಿನಲ್ಲಿ ಶಾಲೆಗೆ ಹೋಗಿದ್ದರೆ ಗುಂಪಿನೊಳಗೆ ಹತ್ತು ಹೆಜ್ಜೆಗೇ ಮರೆಯಾಗುತ್ತಿದ್ದೆ. ಆಚೆ ಕಡೆಯಿಂದ ಹೋಗು ಎಂದು ಅಪ್ಪ ಅಂದದ್ದು ಅವರನ್ನು ನಾನು ನೋಡದಿರಲಿ ಎಂದು ಮಾತ್ರವಲ್ಲ. ಏಳು ವರ್ಷ ನಾನು ತಲೆ ತಗ್ಗಿಸಿ ನಡೆದೆ, ಅವರು ತಿರುವಿನವರೆಗೂ ನೋಡುತ್ತ ನಿಂತಿದ್ದರು.